ಕುವೈತಿನಲ್ಲಿ ಒಂದು ಬ್ಲಾಕ್ ನಂಬರು

ಬೆಂಗಳೂರಿನಿಂದ ಕುವೈತಿಗೆ ವಿಮಾನದಲ್ಲಿ ಹೆಚ್ಚುಕಮ್ಮಿ ಐದು ಗಂಟೆ. ಅಷ್ಟು ಹೊತ್ತೂ ನಾನು ಮಾಡಿದ್ದು ಒಂದೇ ಕೆಲಸ: ತಂಗಿಯ ಗಂಡ ರಘುವಿನ ಹೊಸ ನೌಕರಿಯ ಮೇಲೆ ಅನುಮಾನ ಪಟ್ಟಿದ್ದು. ಹನ್ನೆರಡು ವರ್ಷದಿಂದ ಅವನು ಅಲ್ಲಿನ ಒಂದು ದಿನಸಿ ಕಂಪನಿಯ ಡೆಲಿವರಿ ವ್ಯಾನುಗಳನ್ನು ನೋಡಿಕೊಳ್ಳುತ್ತಿದ್ದ. ಈಗ ಆನ್‌ಲೈನಿನಲ್ಲಿ ಸಾಮಾನು ಮಾರುವ ಚೀನಾ ಕಂಪನಿಯೊಂದು ಕುವೈತಿಗೆ ಬಂದು, ಮ್ಯಾನೇಜರ್ ಮಾಡುತ್ತೇವೆ ಬಾ ಎಂದಿತ್ತು. "ನೀನೇ ಬಂದು ಒಂದ್ಸಲ ನೋಡಿಬಿಡು ಅಕ್ಕ" ಎಂದು ತಂಗಿ ಸುಮಾ ಫೋನ್ ಮಾಡಿದ್ದಳು. ನಾನು ಮೈಸೂರಿನ ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾಗದ ವಿಂಗಡಿಸಿ ನಿವೃತ್ತಳಾದವಳು. ಲಕೋಟೆಯ ಹಿಂದುಮುಂದು ನೋಡದೆ ಯಾವುದನ್ನೂ ನಂಬಿದವಳಲ್ಲ.

ಗುರುವಾರ ಮಧ್ಯಾಹ್ನ ಇಳಿದಾಗ ಧೂಳು ಎದ್ದಿತ್ತು. ಸೂರ್ಯ ಇದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಜಾಬ್ರಿಯಾದ ಮನೆಗೆ ಟ್ಯಾಕ್ಸಿಯವನು ಐದು ದಿನಾರ್ ಕೇಳಿದ, ಸುಮಾ ಮೂರಕ್ಕೆ ಇಳಿಸಿದಳು. ಮನೆಯಲ್ಲಿ ಹುಳಿ, ಅನ್ನ, ಸೌತೆಕಾಯಿ ಕೋಸಂಬರಿ. ಹತ್ತನೇ ಕ್ಲಾಸಿನ ಮಗಳು ಅನಘಾಳಿಗೆ "ಓದು ಹೇಗಿದೆಯೇ?" ಎಂದರೆ "ಫೈನ್, ದೊಡ್ಡಮ್ಮ" ಎಂದು ಕೋಣೆ ಸೇರಿದಳು. ಊಟವಾದ ಮೇಲೆ ಸುಮಾ ಮೆಲ್ಲಗೆ ವಿಷಯ ತೆಗೆದಳು. ಕೆಲಸ ಬದಲಾಯಿಸಿದರೆ ರಘುವಿನ ಇಕಾಮಾ, ಅಂದರೆ ಅಲ್ಲಿರಲು ಬೇಕಾದ ಪರವಾನಗಿ, ಹೊಸ ಕಂಪನಿಯ ಹೆಸರಿಗೆ ಹೋಗುತ್ತದೆ. ಆ ಕಂಪನಿ ಕೈಬಿಟ್ಟರೆ ಮೂವರೂ ಗಂಟುಮೂಟೆ ಕಟ್ಟಬೇಕಾಗುತ್ತದೆ. ಹಳೆಯ ಕಂಪನಿಗೆ ವಾಪಸ್ ಹೋಗುವ ದಾರಿಯೂ ಇರುವುದಿಲ್ಲ. ಸಹಿ ಹಾಕಲು ಸೋಮವಾರ ಕೊನೆಯ ದಿನ.

ಶುಕ್ರವಾರ ರಜೆ. ರಘು ಇಡೀ ದಿನ ಆ ಕಂಪನಿಯ ಗುಣಗಾನ ಮಾಡಿದ.

"ಚೀನಾದಲ್ಲಿ ಹೊರಗಿನ ದೊಡ್ಡ ದೊಡ್ಡ ಇಂಟರ್ನೆಟ್ ಕಂಪನಿಗಳೇ ಅಲ್ಲಿಯವರ ಮುಂದೆ ಮಣ್ಣುಮುಕ್ಕಿವೆ ಅಕ್ಕ."

"ಒಳಗೆ ಬಿಟ್ಟಿದ್ದರೆ ತಾನೆ ಮುಕ್ಕೋಕೆ? ಬಾಗಿಲು ಹಾಕಿಕೊಂಡು ನಾನೇ ಫಸ್ಟ್ ಬಂದೆ ಅಂದರೆ ಏನು ಹೇಳೋದು?" ಎಂದೆ. ಅವನು ನಕ್ಕು, ಭಾನುವಾರ ಅರ್ದಿಯಾಗೆ ಬನ್ನಿ, ಅವರನ್ನೇ ಕೇಳಿ ಎಂದ.

ಅರ್ದಿಯಾ ಅಂದರೆ ಬರೀ ಗೋದಾಮು, ತಗಡಿನ ಮಾಡು, ಟ್ರಕ್ಕು. ಆ ಚೀನಾ ಕಂಪನಿಯ ಗೋದಾಮಿನ ಮುಖ್ಯಸ್ಥೆ ಲಿನ್ ಎಂಬ ನಲವತ್ತರ ಹೆಂಗಸು. ನನಗೊಂದು ಕುರ್ಚಿ ತಂದುಕೊಟ್ಟು, ಬಿಸಿನೀರು ಕೊಟ್ಟಳು. ಇಷ್ಟು ಮರ್ಯಾದೆ ಯಾಕೆ ಅಂತ ಅದಕ್ಕೂ ಅನುಮಾನವಾಯಿತು. ನನಗೆ ಬರುವ ಅಂಚೆ ಕಚೇರಿಯ ಇಂಗ್ಲಿಷಿನಲ್ಲಿ ಶುಕ್ರವಾರದ ಪ್ರಶ್ನೆಯನ್ನೇ ಎಸೆದೆ.

"ಕೆಲವರಿಗೆ ಬಾಗಿಲು ಮುಚ್ಚಿತ್ತು, ನಿಜ" ಎಂದಳು ಲಿನ್. "ಆದರೆ ನಾನು ಶಾಂಘೈಯಲ್ಲಿ ಒಂದು ವಿದೇಶಿ ಕಂಪನಿಯಲ್ಲಿದ್ದೆ. ನಮಗೆ ಬಾಗಿಲು ತೆರೆದೇ ಇತ್ತು. ಒಳಗೆ ಬಂದೂ ಸೋತೆವು."

"ಯಾಕೆ?"

"ನಮ್ಮ ಜನಕ್ಕೆ ಮಾರುವವನ ಹತ್ತಿರ ನಾಲ್ಕು ಮಾತಾಡಿ, ಚೌಕಾಸಿ ಮಾಡಿ ಕೊಂಡರೇ ಸಮಾಧಾನ. ನಮ್ಮ ಸೈಟಿನಲ್ಲಿ ಮಾತಾಡಲು ಜಾಗವಿರಲಿಲ್ಲ. ಕೊಡಿ ಅಂತ ಹೆಡ್ ಆಫೀಸಿಗೆ ಬರೆದೆವು, ತಿಂಗಳುಗಟ್ಟಲೆ ಕಾದೆವು. ಊರಿನ ಕಂಪನಿ ಆ ಜಾಗ ಕೊಟ್ಟಿತು, ಅಂಗಡಿಯವರಿಂದ ಕಮಿಷನ್ ಬೇಡ ಎಂದಿತು, ಸಾಮಾನು ಕೈಗೆ ಬರುವವರೆಗೆ ದುಡ್ಡು ನಮ್ಮ ಹತ್ತಿರ ಇರಲಿ ಎಂದಿತು. ಜನ ಆ ಕಡೆ ಹೋದರು. ಅವರ ಆಫೀಸು ಜನರ ಪಕ್ಕದಲ್ಲಿತ್ತು, ನಮ್ಮದು ಸಮುದ್ರದಾಚೆ."

ಉತ್ತರ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ನನಗೆ ಹಿಡಿಸಲಿಲ್ಲ. ಎದ್ದು ಗೋದಾಮು ಸುತ್ತಿದೆ. ಮೂಲೆಯಲ್ಲಿ ಗಿರಾಕಿಗೆ ತಲುಪದೆ ವಾಪಸ್ ಬಂದ ಪಾರ್ಸೆಲ್ಲುಗಳು ಎದೆಯೆತ್ತರ ಬಿದ್ದಿದ್ದವು. ಒಬ್ಬ ಕೇರಳದ ಹುಡುಗಿ ಒಂದೊಂದನ್ನೇ ಎತ್ತಿ, ಗಿರಾಕಿಗೆ ಫೋನ್ ಮಾಡಿ, ಮಾರ್ಕರಿನಲ್ಲಿ ಏನೋ ಬರೆಯುತ್ತಿದ್ದಳು. ಕೈ ತಡೆಯಲಿಲ್ಲ, ಒಂದನ್ನು ಎತ್ತಿ ವಿಳಾಸ ಓದಿದೆ. ಜಾಬ್ರಿಯಾ, ಸ್ಟ್ರೀಟ್ ಮೂರು, ಮನೆ ಹನ್ನೊಂದು.

"ರಘು, ಇದರಲ್ಲಿ ಬ್ಲಾಕ್ ಎಲ್ಲಿ?"

ಕುವೈತಿನಲ್ಲಿ ಒಂದೊಂದು ಏರಿಯಾ ಹತ್ತಾರು ಬ್ಲಾಕುಗಳಾಗಿ ಒಡೆದಿದೆ. ಪ್ರತಿ ಬ್ಲಾಕಿಗೂ ಒಂದು ಮೂರನೇ ಸ್ಟ್ರೀಟು ಇರಬಹುದು. ಬಂದ ಮೂರು ದಿನಕ್ಕೇ ನನಗದು ಗೊತ್ತಾಗಿತ್ತು. ರಘು ಫೋನಿನಲ್ಲಿ ತೋರಿಸಿದ: ಕಂಪನಿಯ ಆ್ಯಪಿನ ಫಾರಂನಲ್ಲಿ ಪಿನ್‌ಕೋಡ್ ಕೇಳುತ್ತದೆ, ಗಿರಾಕಿಯ ಕಂಪನಿಯ ಹೆಸರು ಕೇಳುತ್ತದೆ, ಬ್ಲಾಕ್ ಕೇಳುವುದೇ ಇಲ್ಲ!

"ಒಂದು ಖಾನೆ ಹಾಕಿಸಲು ಆಗಲ್ವಾ?" ಎಂದೆ ಲಿನ್‌ಗೆ.

"ಬರೆದಿದ್ದೇನೆ. ಹೆಡ್ ಆಫೀಸ್ ಒಪ್ಪಬೇಕು."

"ಎಷ್ಟು ದಿನವಾಯಿತು?"

"ನಾಲ್ಕು ತಿಂಗಳು."

"ಹಾಗಾದರೆ ಇಲ್ಲಿ ನೀವೇ ಶಾಂಘೈನ ಆ ವಿದೇಶಿ ಕಂಪನಿ. ಸೋಲೋದು ಹೇಗೆ ಅಂತ ಗೊತ್ತಿದ್ದೂ ಸೋಲ್ತಿದ್ದೀರಿ. ಅದರ ಜೊತೆಗೆ ನಮ್ಮ ಹುಡುಗನನ್ನೂ ಕರೀತಿದ್ದೀರಿ."

ರಘು ತಲೆ ತಗ್ಗಿಸಿದ. ಲಿನ್ ಮುಖ ಕೆಂಪಾಯಿತು. ವಾಪಸ್ ಬರುವಾಗ ಕಾರಿನಲ್ಲಿ ನಾನು ಗೆದ್ದವಳ ಹಾಗೆ ಕೂತಿದ್ದೆ. "ಸಹಿಗಿಹಿ ಏನೂ ಬೇಡ, ಇದ್ದಲ್ಲೇ ಇರು" ಎಂದೆ. ಅವನು ಹ್ಞೂಂ ಎಂದ.

ಸೋಮವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ರಘು ಫೋನ್ ಹಿಡಿದು ಓಡಿಬಂದ. ಆ್ಯಪಿನಲ್ಲಿ 'ಕಂಪನಿಯ ಹೆಸರು' ಅಂತಿದ್ದ ಕಡೆ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ 'ಬ್ಲಾಕ್ ನಂಬರು' ಅಂತ ಬಂದಿತ್ತು. ಲಿನ್‌ಗೆ ಫೋನ್ ಮಾಡಿದರೆ, "ಕುವೈತಿನ ಪುಟದ ಖಾನೆಗಳ ಹೆಸರನ್ನು ತಿದ್ದುವುದು ನನಗೆ ಬರುತ್ತದೆ. ಯಾರನ್ನೂ ಕೇಳಲಿಲ್ಲ. ನಿಮ್ಮ ಅಕ್ಕನಿಗೆ ಹೇಳಿ" ಎಂದಳಂತೆ.

ನನಗೆ ಅಯ್ಯೋ ಅನಿಸಿತು, ಸಂತೋಷವೂ ಆಯಿತು. ನಿವೃತ್ತಿಯಾದ ಮೇಲೆ ನನ್ನ ಮಾತನ್ನು ಒಬ್ಬರು ಕೇಳಿ ಒಂದು ಕೆಲಸ ಮಾಡಿದ್ದು ಅದೇ ಮೊದಲು. ಜಂಬವೂ ಬಂತು ಅನ್ನಿ. ಯಾರನ್ನೂ ಕೇಳದೆ ಸರಿಪಡಿಸುವವರು ಇರುವ ಕಡೆ ಹೆದರಿಕೆ ಇಲ್ಲ ಅಂದುಕೊಂಡೆ. ಸುಮಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಾಕು ಸಹಿ" ಎಂದೆ ರಘುವಿಗೆ. ಅವನು ಅಂದೇ ಹಾಕಿದ. ಹಳೆಯ ಕಂಪನಿಯವರೂ ಮಾರನೆಯ ದಿನವೇ ಬಿಡುಗಡೆ ಪತ್ರ ಕೊಟ್ಟರು.

ಅವತ್ತಿನಿಂದ ನಾಲ್ಕು ದಿನ ಸುಮ್ಮನೆ ಸುತ್ತಿದೆವು. ಸಮುದ್ರದ ದಂಡೆ, ಮೀನು ಮಾರುಕಟ್ಟೆ, ಖರ್ಜೂರದ ಅಂಗಡಿ. ಧೂಳು ಇಳಿದು ಬಿಸಿಲು ಏರಿತ್ತು. ಶನಿವಾರ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಪಡೆದು ಕೂತಿದ್ದಾಗ ಸುಮಾಳ ಫೋನ್ ಬಂತು.

"ಅಕ್ಕ, ಲಿನ್ ಅವರನ್ನು ಚೀನಾಕ್ಕೆ ವಾಪಸ್ ಕರೆಸಿಕೊಂಡಿದ್ದಾರಂತೆ. ಕೇಳದೆ ಆ್ಯಪ್ ಮುಟ್ಟಿದ್ದಕ್ಕೆ. ನಾಳೆ ಬೇರೆಯವರು ಬರ್ತಾರಂತೆ. ಇವರು ಗೋದಾಮಿಗೆ ಹೋಗಿದ್ದಾರೆ."

"ಆ ಖಾನೆ?"

"ಮೊದಲಿನ ಹಾಗೇ ಮಾಡಿದ್ದಾರಂತೆ."

ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿದಳು. ಎಲ್ಲರನ್ನೂ ಅನುಮಾನಿಸಿಕೊಂಡು ಅರವತ್ತು ದಾಟಿದವಳು ನಾನು, ಜೀವನದಲ್ಲಿ ಒಬ್ಬಳನ್ನು ನಂಬಿದೆ. ಲಿನ್ ಏನೂ ಆ ನಂಬಿಕೆ ಕೆಡಿಸಲಿಲ್ಲ. ನನ್ನ ಮಾತು ಕೇಳಿ ಕುವೈತಿನ ಕೆಲಸ ಕಳೆದುಕೊಂಡಳು, ನನ್ನ ಮಾತು ಕೇಳಿ ಸಹಿ ಹಾಕಿದವನು ಹಿಂದಕ್ಕೆ ದಾರಿಯಿಲ್ಲದೆ ಅಲ್ಲಿ ಉಳಿದ. ಬೋರ್ಡಿಂಗ್ ಶುರುವಾಯಿತು ಎಂದು ಕೂಗಿದರು. ಎಲ್ಲರೂ ಎದ್ದರು. ನಾನು ಕೂತಲ್ಲೇ ರಘುವಿನ ನಂಬರು ಒತ್ತಿದೆ.