ಕಟಿಂಗ್ ಮಾಸ್ಟರಿಗೆ ಕಂಡ ತಪ್ಪು

ಬಟ್ಟೆ ಕತ್ತರಿಸುವುದರಲ್ಲಿ ಮಾಸ್ಟರದು ಎತ್ತಿದ ಕೈ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಹೊಟ್ಟೆಯ ಸುತ್ತಳತೆ ಹೇಳಿಬಿಡುತ್ತಿದ್ದರು. ಟೇಪು ಹಿಡಿಯುತ್ತಿದ್ದದ್ದು ಬರೀ ಗಿರಾಕಿಯ ಸಮಾಧಾನಕ್ಕೆ. ಪಕ್ಕದಲ್ಲಿ ಕೂತು ಕಾಜಾ, ಗುಂಡಿ ಹಾಕುವವಳು ಹೆಂಡತಿ. "ಬಾಯಿಗೂ ಒಂದು ಗುಂಡಿ ಹಾಕ್ಕೊಳ್ಳೇ" ಎಂದು ಇವರು. "ಮೊದ್ಲು ನಿಮ್ಮ ಬಾಯಿಗೆ ಹಾಕ್ತೀನಿ, ಬನ್ನಿ" ಎಂದು ಅವಳು. ಸಂಸಾರ ನಡೆದದ್ದೇ ಹೀಗೆ.

ಅಂಥವರು ಒಂದು ದಿನ ಅಂಗಿಗೆ ಎರಡೂ ಎಡತೋಳೇ ಕತ್ತರಿಸಿದರು. ಕೇಳಿದರೆ ಅದೇ ಸರಿ ಎಂದು ರೇಗಿದರು. ರೇಗುವ ಮನುಷ್ಯನೇ ಅಲ್ಲ! ಗಂಡನ ಮರ್ಯಾದೆ ಬೀದಿಪಾಲಾಗಬಾರದಲ್ಲ, ಅವಳು ಚೂರು ಬಟ್ಟೆ ಜೋಡಿಸಿ ಹೇಗೋ ಸರಿಮಾಡಿ ಕೊಟ್ಟಳು. ಆಮೇಲೆ ಅದೇ ಕೆಲಸವಾಯಿತು; ಮಾಸ್ಟರಿಗೆ ಮಾತ್ರ ಒಂದು ತಪ್ಪೂ ಕಾಣುತ್ತಿರಲಿಲ್ಲ. ಕುತ್ತಿಗೆ ಅಗಲವಾದರೆ ಬೇರೆ ಬಣ್ಣದ ಕಾಲರು, ಸೊಂಟ ಸಾಲದಿದ್ದರೆ ಪಕ್ಕಕ್ಕೊಂದು ಪಟ್ಟಿ. ಗಿರಾಕಿಗಳೋ, ಹೊಸ ಫ್ಯಾಷನ್ನು ಎಂದು ಮೆರೆದರು. ಬೀದಿಯವರೆಲ್ಲ ಅಂಥದೇ ಬೇಕೆಂದರು. ನಗಬೇಕೋ ಅಳಬೇಕೋ!

"ಅರವತ್ತಕ್ಕೆ ಅರಳುಮರಳು, ಬಿಡಿ ಅತ್ತಿಗೆ" ಎಂದಳು ನಾದಿನಿ. ಆದರೆ ಮಾಸ್ಟರು ನಡೆಯುತ್ತ ನಡೆಯುತ್ತ ಕಾಲು ತಡವರಿಸಿ ಬಿದ್ದಾಗ ಹೆಂಡತಿ ಯಾರ ಮಾತೂ ಕೇಳದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ರಕ್ತದಲ್ಲಿ ಎಚ್‌ಐವಿ ಇರಲಿಲ್ಲ, ಸಿಫಿಲಿಸ್ ಎಂಬ ಲೈಂಗಿಕ ರೋಗ ಕಂಡಿತು. ಬೆನ್ನುಹುರಿಯ ನೀರು ತೆಗೆದು ನೋಡಿದರೆ ರೋಗ ಮೆದುಳನ್ನೇ ಹಿಡಿದಿತ್ತು.

"ಎಚ್‌ಐವಿ ಇಲ್ಲ ಅಂದ್ರಲ್ಲ ಡಾಕ್ಟ್ರೇ, ಮತ್ತೆ ಇದು ಮೆದುಳಿಗೆ ಹೇಗೆ ಹೋಯ್ತು?" ಎಂದಳು ಹೆಂಡತಿ.

"ಅದು ಬೇರೆ, ಇದು ಬೇರೆ ಅಮ್ಮಾ. ಎರಡೂ ಜೊತೆಗಿದ್ರೆ ಮೆದುಳಿನ ತೊಂದ್ರೆ ಬೇಗ ಕಾಣಿಸ್ಕೋಬಹುದು. ಇದೊಂದೇ ಇದ್ರೂ ವರ್ಷಗಟ್ಲೆ ಸುಮ್ನಿದ್ದು ಆಮೇಲೆ ತಲೆ ಎತ್ತಬಹುದು" ಎಂದರು ಡಾಕ್ಟರಮ್ಮ. "ಪೆನ್ಸಿಲಿನ್ ಕೊಟ್ಟು ರೋಗ ನಿಲ್ಲಿಸ್ತೀವಿ. ಹಾಳಾದದ್ದು ಎಷ್ಟು ಸರಿಹೋಗುತ್ತೋ ಹೇಳಕ್ಕಾಗಲ್ಲ. ಯಾಕಿಷ್ಟು ತಡ ಮಾಡಿದ್ರಿ?"

ಆ ಮಾತು ಅವಳ ಎದೆಗೆ ನಾಟಿತು. ರೋಗ ಅಂಗಿ ಅಂಗಿಯಲ್ಲೂ ಮುಖ ತೋರಿಸಿತ್ತು, ಇವಳು ಒಂದೊಂದನ್ನೂ ಹೊಲಿದು ಮುಚ್ಚಿದ್ದಳು.

"ಮದುವೆಗೆ ಮುಂಚೆ ಮಾಡ್ಕೊಂಡಿದ್ದು ಕಣೇ" ಎಂದು ಮಾಸ್ಟರು ಗೋಡೆಯ ಕಡೆ ತಿರುಗಿ ಅತ್ತರು. ಅವಳ ರಕ್ತದಲ್ಲಿ, ಪುಣ್ಯಕ್ಕೆ, ಏನೂ ಇರಲಿಲ್ಲ. ಕೋಪ ಬಂತು, ಬರದೇ ಇರುತ್ತದೆಯೇ? ಮಾತು ಬಿಟ್ಟಳು. ಊಟ ತರುವುದನ್ನು ಮಾತ್ರ ಬಿಡಲಿಲ್ಲ. ಡ್ರಿಪ್ಪು ಹಾಕಿದ ಕೈ ನೋವೆಂದಾಗ ತುತ್ತು ಕಲಸಿ ಬಾಯಿಗಿಟ್ಟಳು, ಮಾತೂ ತಾನಾಗಿ ಬಂತು.

ಮನೆಗೆ ಬಂದು ಎಷ್ಟೋ ದಿನವಾದ ಮೇಲೆ ಮಾಸ್ಟರು ಕತ್ತರಿ ಕೇಳಿದರು. ಅವಳು ಹಿಂದೆಮುಂದೆ ನೋಡುತ್ತಲೇ ಕೊಟ್ಟಳು. ಮತ್ತೆ ಮೊದಲಿನಂತೆಯೇ ಆದರೆ? ತಮ್ಮದೇ ಅಂಗಿಗೆಂದು ಕತ್ತರಿ ಆಡಿಸಿದರು. ಕಂಕುಳಿನ ಹತ್ತಿರ ಗೆರೆ ಸೊಟ್ಟಗೆ ಹೋಯಿತು. ಅಯ್ಯೋ ದೇವರೇ ಎಂದುಕೊಂಡು ಅವಳು ಚೂರುಬಟ್ಟೆಗೆ ಕೈ ಹಾಕಿದಳು.

"ತಡಿಯೇ" ಎಂದರು ಮಾಸ್ಟರು. ಬಟ್ಟೆಯನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದರು. ಮುಖ ಸಣ್ಣಗಾಯಿತು. "ಛೆ, ತಪ್ಪು ಕತ್ತರಿಸಿಬಿಟ್ಟೆ."

"ಏನಂದ್ರಿ?"

"ಕಿವುಡೇನೇ? ತಪ್ಪಾಗಿದೆ ಅಂದೆ."

"ಇನ್ನೊಂದ್ಸಲ ಹೇಳಿ" ಎಂದು ಅವಳು ಆ ಕೆಟ್ಟ ಬಟ್ಟೆಯನ್ನು ಕಿತ್ತು ಎದೆಗವಚಿಕೊಂಡು ಗೊಳೋ ಎಂದು ಅತ್ತಳು, ನಕ್ಕಳು.