ಊಟ ತಡವಾದ ದಿನಗಳು

ಮೊದಲ ಸಲ ಶಾಲೆಯಿಂದ ಫೋನ್ ಬಂದಾಗ ನನ್ನ ಕೈಯಲ್ಲಿ ಒಂದು ಶರ್ಟಿನ ಕಾಲರ್ ಇತ್ತು. ಚಾಮರಾಜನಗರದ ಪಕ್ಕದ ಬದನಗುಪ್ಪೆಯ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಚೆಕಿಂಗ್ ಕೆಲಸ ಮಾಡುತ್ತೇನೆ. ಹೊಲಿಗೆ ತಪ್ಪಿದ ಕಡೆ ಬಾಣದ ಸ್ಟಿಕ್ಕರ್ ಅಂಟಿಸಿ ಆ ಪೀಸನ್ನು ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ನಿಮ್ಮ ಮಗಳು ಶಾಲೆಯಲ್ಲಿ ಬಿದ್ದಿದ್ದಾಳಂತೆ, ಬೇಗ ಹೋಗಿ ಎಂದು ಸೂಪರ್‌ವೈಸರ್ ಬಂದು ಹೇಳಿದರು. ನಾನು ಸ್ಟಿಕ್ಕರ್ ಅಂಟಿಸಿದೆ. ಶರ್ಟನ್ನು ಮಡಿಸಿಟ್ಟೆ. ಆಮೇಲೆ ಎದ್ದೆ. ಯಾಕೆ ಹಾಗೆ ಮಾಡಿದೆನೋ ಈಗಲೂ ಗೊತ್ತಿಲ್ಲ.

ಜುಲೈ ತಿಂಗಳು. ನಾವು ಗುಂಡ್ಲುಪೇಟೆ ಕಡೆಯಿಂದ ಚಾಮರಾಜನಗರಕ್ಕೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ.

ಶಾಲೆಯ ಆಫೀಸ್ ರೂಮಿನ ಬೆಂಚಿನ ಮೇಲೆ ಪೂರ್ಣಿಮಾ ಮಲಗಿದ್ದಳು. ಏಳನೇ ಕ್ಲಾಸು, ಹನ್ನೆರಡು ವರ್ಷ. ಎರಡೂ ಜಡೆ ಒದ್ದೆಯಾಗಿದ್ದವು. ಬಲಗೈ ಮುಷ್ಟಿಯಲ್ಲಿ ಬೀರುವಿನ ಬೀಗದ ಕೈಗಳ ಗೊಂಚಲು. ಸುತ್ತ ಹತ್ತು ಹನ್ನೆರಡು ಜನ. ಬಿಸಿಯೂಟದ ಸಾಲಿನಲ್ಲಿ ನಿಂತವಳು ಇದ್ದಕ್ಕಿದ್ದಂತೆ ಗೋಡೆಗೆ ಒತ್ತಿಕೊಂಡು ಕೂತಳಂತೆ. ಉಸಿರು ಜೋರಾಯಿತಂತೆ. ಬೆರಳು ಸೆಟೆದುಕೊಂಡವಂತೆ. ಎತ್ತಲು ಹೋದವರನ್ನು ಒದ್ದಳಂತೆ. ಫಿಟ್ಸ್ ಎಂದುಕೊಂಡು ನಾಲ್ಕು ಜನ ಅದುಮಿ ಹಿಡಿದು, ಕೈಗೆ ಕಬ್ಬಿಣ ಕೊಟ್ಟು, ಮುಖಕ್ಕೆ ನೀರು ಹಾಕಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅಲ್ಲಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

“ಅವ್ವ, ಮನೆಗೆ ಹೋಗನ” ಎಂದಳು.

ಆಮೇಲೆ ಒಂದು ತಿಂಗಳಲ್ಲಿ ಇನ್ನೂ ಮೂರು ಸಲ ಹಾಗೇ ಆಯಿತು. ಮೂರೂ ಸಲ ಶಾಲೆಯಲ್ಲೇ, ಊಟದ ಹೊತ್ತಿನಲ್ಲೇ. ಮೈಸೂರಿಗೆ ಕರೆದುಕೊಂಡು ಹೋದೆ. ಇಇಜಿ ಮಾಡಿದರು, ಸ್ಕ್ಯಾನ್ ಮಾಡಿದರು. ಎಲ್ಲ ನಾರ್ಮಲ್. ಇದು ಫಿಟ್ಸ್ ಅಲ್ಲ ಎಂದ ಡಾಕ್ಟರು ಪೂರ್ಣಿಮಾಳನ್ನು ಹೊರಗೆ ಕೂರಿಸಿ, ಮಗುವಿನ ಮನಸ್ಸಿಗೆ ಪೆಟ್ಟಾಗುವಂಥದ್ದು ಏನಾದರೂ ನಡೆದಿತ್ತೇ ಎಂದು ನನ್ನನ್ನು ಕೇಳಿದರು.

ಇಲ್ಲ ಸರ್ ಎಂದೆ.

ಅದು ಸುಳ್ಳು. ನಮ್ಮದು ಗುಂಡ್ಲುಪೇಟೆಯ ಮದ್ದೂರಿನ ಕಡೆಯ ಕಾಡಂಚಿನ ಊರು. ನಾಲ್ಕು ವರ್ಷದ ಹಿಂದೆ, ಹೊತ್ತು ಮುಳುಗುವ ಮುಂಚೆ, ನಮ್ಮ ಜೋಳದ ಹೊಲಕ್ಕೆ ಒಂಟಿ ಆನೆ ಬಂತು. ನಮ್ಮ ಮನೆಯವರನ್ನು ಬದುವಿನ ಹತ್ತಿರ ಕೆಡವಿತು. ಸೊಂಟ ಮುರಿಯಿತು, ಜೀವ ಉಳಿಯಿತು. ಈಗಲೂ ಕೋಲು ಹಿಡಿದೇ ನಡೆಯುತ್ತಾರೆ. ಆಗ ಎಂಟು ವರ್ಷದವಳಾಗಿದ್ದ ಪೂರ್ಣಿಮಾ ಮನೆಯ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ್ದಳು. ಅಲ್ಲಿದ್ದಷ್ಟು ದಿನ ಅವಳು ಎಲ್ಲರಿಗೂ ಆನೆ ಕೆಡವಿದವನ ಮಗಳು. ಅಂಗಡಿಗೆ ಹೋದರೂ ಅಯ್ಯೊ ಪಾಪ ಎನ್ನುವರು. ಹೊಸ ಊರಿನಲ್ಲಿ ಆ ಮಾತು ಎತ್ತಲೇಬೇಡ ಎಂದು ನಾನೇ ಅವಳಿಗೆ ಹೇಳಿದ್ದೆ. ನಾಲ್ಕು ವರ್ಷ ಏನೂ ಆಗದೆ ಇದ್ದದ್ದು ಈಗ ಯಾಕೆ ಆದೀತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಡಾಕ್ಟರು ಅಷ್ಟು ಮೆಲ್ಲಗೆ ಕೇಳಿದಾಗಲೂ ನನ್ನ ಬಾಯಿಗೆ ಬಂದದ್ದು ಅಭ್ಯಾಸವಾಗಿದ್ದ ಮಾತೇ.

ನಾಲ್ಕನೆಯ ಸಲ ಆದ ಮಾರನೇ ಬೆಳಗ್ಗೆ ಅವಳ ತಲೆಗೆ ನೀರು ಹಾಕುವಾಗ ತೋಳು ಕಂಡಿತು. ಒಂದು ಕಡೆ ನಾಲ್ಕು ಗುರುತು, ಇನ್ನೊಂದು ಕಡೆ ಒಂದು. ಬೆರಳಿನ ಗುರುತು. ನೀಲಿಗಟ್ಟಿತ್ತು.

ನಾನು ಜಗಳಕ್ಕೆಂದೇ ಶಾಲೆಗೆ ಹೋದೆ. ಹೆಡ್‌ಮೇಷ್ಟ್ರು ನನಗಿಂತ ಹೆದರಿದ್ದರು. ಹಿಡಿಯದೆ ಇದ್ದು ಇವಳು ತಲೆ ಒಡೆದುಕೊಂಡರೆ ನಾನು ಯಾರಿಗೆ ಉತ್ತರ ಹೇಳಲಿ ಎಂದರು. ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರ ಲೆಟರ್ ತಂದು ಕೊಡಿ, ಅಲ್ಲಿಯವರೆಗೆ ಮನೆಯಲ್ಲೇ ಇಟ್ಟುಕೊಳ್ಳಿ, ಆಗದಿದ್ದರೆ ಟಿಸಿ ತೆಗೆದುಕೊಳ್ಳಿ. ನಾನು ಅಲ್ಲೇ ನಿಂತೆ. ಮನೆ ಎಂದರೆ ಒಂದು ರೂಮು. ದಿನವಿಡೀ ನಮ್ಮ ಮನೆಯವರು ಮಲಗಿರುವ ರೂಮು. ಓದಿನಲ್ಲಿ ಮುಂದಿದ್ದ ಮಗಳು ಅಲ್ಲಿ ಕೂತರೆ ಮತ್ತೆ ಎದ್ದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ವಾಸಿಯಾಗಿದೆ ಎಂಬ ಲೆಟರನ್ನು ಯಾವ ಡಾಕ್ಟರೂ ಕೊಡುವಂತಿರಲಿಲ್ಲ.

ಅವಳ ಕ್ಲಾಸ್ ಟೀಚರ್ ಶಾಂತಲಾ ಮಿಸ್ ಆಗ ನಡುವೆ ಬಂದರು. ಶಾಲಾ ಸಿಬ್ಬಂದಿಗೆಲ್ಲ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಟ್ರೈನಿಂಗ್ ಕಡ್ಡಾಯ ಎಂದು ಆರ್ಡರ್ ಬಂದಿತ್ತು. ಮುಂದಿನ ವಾರವೇ ಇತ್ತು. ಅದು ಮುಗಿಯುವವರೆಗಾದರೂ ತಡೆಯಿರಿ ಸರ್ ಎಂದು ಅವರು ಹೆಡ್‌ಮೇಷ್ಟ್ರನ್ನು ಕೇಳಿಕೊಂಡರು. ಒಂದು ತಿಂಗಳು ನೋಡೋಣ ಎಂದು ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಆ ಟ್ರೈನಿಂಗ್ ಹೇಗಿತ್ತು ಎಂದು ನನಗೆ ಮೊದಲು ಹೇಳಿದ್ದು ಬಿಸಿಯೂಟದ ಅಡುಗೆಯ ಚಿಕ್ಕತಾಯಮ್ಮ. ಅಡುಗೆಯವರೂ ಸಿಬ್ಬಂದಿಯೇ ಎಂದು ಅವರನ್ನೂ ಕರೆದಿದ್ದರು.

“ಸೌಟು ಹಿಡ್ಯೋರ್ಗೂ ಟ್ರೈನಿಂಗ್ ಅಂತೆ ಕಣವ್ವ. ಅನ್ನ ಬೇಯ್ಸಾಕೆ ಮನ್ಸಿನ್ ಪಾಠ ಯಾಕಪ್ಪ ಅಂತ ನಗಾಡ್ಕೊಂಡೇ ಓಗಿದ್ದು. ಬರ್ತಾ ನಗು ಬರ್ನಿಲ್ಲ ಬುಡು.”

ನಿಮಗೇನು ಅರ್ಥವಾಯಿತು ಚಿಕ್ಕತಾಯಮ್ಮ ಎಂದು ಹೆಡ್‌ಮೇಷ್ಟ್ರು ದಾರಿಯಲ್ಲಿ ಕೆಣಕಿದರಂತೆ. ನಿಮಗಿಂತ ಒಸಿ ಜಾಸ್ತಿನೇ ಆಯ್ತು ಸಾ, ನಾನು ನಿದ್ದೆ ಮಾಡ್ನಿಲ್ಲ ಎಂದರಂತೆ ಇವರು.

ಎರಡು ದಿನದ ಟ್ರೈನಿಂಗ್ ಮುಗಿದ ಮೇಲೆ ಶಾಂತಲಾ ಮಿಸ್ ನಮ್ಮ ಮನೆಗೇ ಬಂದರು. ಕೊಟ್ಟ ಕಾಫಿ ಕುಡಿಯಲಿಲ್ಲ. ಪೂರ್ಣಿಮಾಳ ತೋಳು ನೋಡಿ ಹೇಳಿದರು.

“ಈ ಗುರುತು ನನ್ನ ಬೆರಳಿಂದು. ನಾನೇ ಹಿಡ್ಕೊಂಡಿದ್ದು.”

ಬೈಯಲೆಂದು ಮಾತು ಕೂಡಿಟ್ಟಿದ್ದವಳು ಆರಿದ ಕಾಫಿಯನ್ನು ಮತ್ತೆ ಬಿಸಿಗಿಟ್ಟೆ.

ಅವರು ಕಲಿತು ಬಂದದ್ದು ಕೇಳಲು ಬಹಳ ಸಣ್ಣದು. ಹೆದರಿದ ಮಗುವನ್ನು ಹಿಡಿಯಬಾರದು. ಸುತ್ತ ಇರುವವರನ್ನು ದೂರ ಕಳಿಸಬೇಕು. ಒಬ್ಬರು ಮಾತ್ರ ಉಳಿದು, ಎರಡು ಹೆಜ್ಜೆ ದೂರದಲ್ಲಿ, ನೆಲದ ಮೇಲೆ ಕೂರಬೇಕು. ಇದು ಶಾಲೆ, ನಾನು ಇಂಥವಳು ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿರಬೇಕು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೂರು ಕಾಲಂ. ಮೊದಲು ಏನಿತ್ತು, ಆಗ ಏನಾಯಿತು, ಆಮೇಲೆ ನಾವು ಏನು ಮಾಡಿದೆವು.

ಐದನೆಯ ಸಲ ಹೀಗಾದಾಗ ಮಿಸ್ ಹಾಗೇ ಮಾಡಿದರು. ಹಿಂದೆಲ್ಲ ಅರ್ಧ ಗಂಟೆ ಹಿಡಿಯುತ್ತಿದ್ದುದು ಹನ್ನೊಂದು ನಿಮಿಷಕ್ಕೆ ಇಳಿಯಿತು. ಆದರೂ ಬಂದದ್ದು ಬಂದಿತ್ತು. ಹೆಡ್‌ಮೇಷ್ಟ್ರು ಕ್ಯಾಲೆಂಡರ್ ನೋಡುತ್ತಿದ್ದರು.

ಅದಾದ ಮೇಲೆ ಚಿಕ್ಕತಾಯಮ್ಮ ಒಂದು ಮಾತು ಹೇಳಿದರು. ಪೂರ್ಣಿಮಾ ಬಿದ್ದ ದಿನಗಳೆಲ್ಲ ಅವರ ಅಡುಗೆ ತಡವಾದ ದಿನಗಳು. ಒಮ್ಮೆ ಗ್ಯಾಸ್ ಮುಗಿದಿತ್ತು, ಒಮ್ಮೆ ನೀರು ಬಂದಿರಲಿಲ್ಲ, ಒಮ್ಮೆ ಅವರ ಜೊತೆಯವರು ರಜೆ ಹಾಕಿದ್ದರು. ಲೆಕ್ಕ ಸರಿಯಾಗಿತ್ತು. ಹಾಗಾದರೆ ಇದು ಹಸಿವು ಎಂದುಕೊಂಡೆವು. ನಾನೂ ಒಪ್ಪಿದೆ, ಒಪ್ಪಿ ಹಗುರಾದೆ. ಬೆಳಗ್ಗೆ ಎರಡು ರೊಟ್ಟಿ ಹೆಚ್ಚಿಗೆ ತಿನ್ನಿಸಿದೆ. ಹನ್ನೊಂದು ಗಂಟೆಗೆ ಚಿಕ್ಕತಾಯಮ್ಮ ಅವಳನ್ನು ಕರೆದು ಬಾಳೆಹಣ್ಣು ಕೊಡತೊಡಗಿದರು. ಒಂದು ವಾರ ಎಲ್ಲರೂ ಖುಷಿಯಾಗಿದ್ದೆವು.

ಮರುವಾರ, ಬಾಳೆಹಣ್ಣು ತಿಂದ ದಿನವೇ, ಅವಳು ಮತ್ತೆ ಗೋಡೆಗೆ ಒತ್ತಿಕೊಂಡು ಕೂತಳು.

ಆ ಮಧ್ಯಾಹ್ನ ನಾನು ಹೋಗುವಷ್ಟರಲ್ಲಿ ಅವಳು ಅಡುಗೆಮನೆಯ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಶಾಂತಲಾ ಮಿಸ್ ನೋಟ್‌ಬುಕ್ ನನ್ನ ಕೈಗೆ ಕೊಟ್ಟು, ನನಗೆ ತಿಳಿಯುತ್ತಿಲ್ಲ, ನೀವು ಒಂದು ಸಲ ಓದಿ ಎಂದರು. ದುಂಡಗಿನ ಅಕ್ಷರ. ಮೊದಲನೇ ಕಾಲಂ ಓದಿದೆ. ಊಟ ಇಪ್ಪತ್ತು ನಿಮಿಷ ತಡ. ಬಿಸಿಲು ಇತ್ತು. ಸಾಲಿನಲ್ಲಿ ಏಳನೆಯವಳು. ಯಾರೊಡನೆಯೂ ಜಗಳ ಇಲ್ಲ. ಮಕ್ಕಳು ತಟ್ಟೆ ಬಡಿಯುತ್ತಿದ್ದರು.

ಇನ್ನೊಂದು ಸಲ ಓದಿದೆ. ಹಿಂದಿನ ಪುಟ ತಿರುವಿದೆ. ಅಲ್ಲೂ ಇತ್ತು.

ನಮ್ಮ ಊರಿನಲ್ಲಿ ಯಾರೂ ಸುಮ್ಮಸುಮ್ಮನೆ ತಟ್ಟೆ ಬಡಿಯುವುದಿಲ್ಲ. ಎಷ್ಟು ಹಸಿದರೂ, ಆಟಕ್ಕೂ ಮಕ್ಕಳು ಬಡಿಯುವುದಿಲ್ಲ. ಬಡಿದರೆ ಹೊಲಕ್ಕೆ ಆನೆ ಇಳಿದಿದೆ ಎಂದೇ ಅರ್ಥ. ಒಂದು ಮನೆಯಲ್ಲಿ ಬಡಿದರೆ ಮಿಕ್ಕ ಮನೆಯವರೂ ತಟ್ಟೆ, ಡಬ್ಬ ಹಿಡಿದು ಹೊರಗೆ ಬರುತ್ತಾರೆ. ನಮ್ಮ ಮನೆಯವರು ಬಿದ್ದ ಮೇಲೆ ನಾವು ಅಲ್ಲಿದ್ದಷ್ಟು ದಿನ ಆನೆ ಮತ್ತೆ ಇಳಿದಿರಲಿಲ್ಲ, ಆ ಸದ್ದೂ ಎದ್ದಿರಲಿಲ್ಲ. ಪೇಟೆಯ ಮಕ್ಕಳಿಗೆ ಅದು ಗೊತ್ತಿಲ್ಲ. ಊಟ ತಡವಾದರೆ ನೂರು ಮಕ್ಕಳು ಸ್ಟೀಲ್ ತಟ್ಟೆಯನ್ನು ಚಮಚದಲ್ಲಿ ಬಡಿಯುತ್ತಾರೆ. ಮೇಷ್ಟ್ರುಗಳಿಗೆ ಅದು ಮಾಮೂಲಿ ಗಲಾಟೆ.

ಅವತ್ತು ಹೊಲಕ್ಕೆ ಆನೆ ಬಂದಾಗ, ಕೊಟ್ಟಿಗೆಯಿಂದ ಮಗಳಿಗೆ ತಟ್ಟೆ ಬಡಿ ಎಂದು ಕೂಗಿದವಳು ನಾನೇ.

ಅಲ್ಲೇ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಆನೆ, ಹೊಲ, ಮೈಸೂರಿನ ಡಾಕ್ಟರಿಗೆ ಹೇಳಿದ ಸುಳ್ಳು. ಶಾಂತಲಾ ಮಿಸ್ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ. ಚಿಕ್ಕತಾಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, “ಆ ಸದ್ದ ತಡ ಆದಾಗೆಲ್ಲ ಕೇಳ್ತಿದ್ನಲ್ಲವ್ವ, ನಗ್ತಾ ಕೇಳ್ತಿದ್ದೆ” ಎಂದರು.

ಹೆಡ್‌ಮೇಷ್ಟ್ರು ಮೊದಲು ಬೆತ್ತ ಹಿಡಿದು ನಿಲ್ಲುತ್ತೇನೆ, ಯಾರು ಬಡಿಯುತ್ತಾರೋ ನೋಡುತ್ತೇನೆ ಎಂದರು. ಬೇಡಿ ಸಾ ಎಂದವರು ಚಿಕ್ಕತಾಯಮ್ಮ. ಮಾರನೇ ದಿನದಿಂದ ಅವರು ತಟ್ಟೆಗಳನ್ನೆಲ್ಲ ಅಡುಗೆಮನೆಯ ಕುಕ್ಕೆಯಲ್ಲಿ ಇಟ್ಟುಕೊಂಡರು. ಅನ್ನ ಇಳಿದ ಮೇಲೆ ಒಂದೊಂದೇ ಕೊಡುವುದು. ಕೈಯಲ್ಲಿ ತಟ್ಟೆ ಇಲ್ಲದ ಮಕ್ಕಳು ಏನು ಬಡಿದಾರು. ಯಾರ ಮೇಲೂ ಕೂಗಾಡಬೇಕಾಗಲಿಲ್ಲ. ಪೂರ್ಣಿಮಾಳಿಂದಾಗಿ ಹೀಗೆ ಮಾಡಿದ್ದು ಎಂದು ಒಂದು ಮಗುವಿಗೂ ಗೊತ್ತಾಗಲಿಲ್ಲ.

ಮಿಸ್ ಬರೆದುಕೊಟ್ಟ ಚೀಟಿ ಹಿಡಿದು ಚಾಮರಾಜನಗರದಲ್ಲೇ ಸೈಕಿಯಾಟ್ರಿಸ್ಟ್ ಹತ್ತಿರ ಹೋದೆವು. ಈ ಸಲ ನಾನು ಏನನ್ನೂ ಬಿಡದೆ ಹೇಳಿದೆ. ಆ ಡಾಕ್ಟರಮ್ಮ ನೋಟ್‌ಬುಕ್ಕಿನ ಪುಟಗಳನ್ನು ಒಂದೊಂದಾಗಿ ಓದಿ, ಇಷ್ಟು ಚೆನ್ನಾಗಿ ಬರೆದುಕೊಂಡು ಬಂದವರು ಕಡಿಮೆ ಎಂದರು. ಸದ್ದಿಲ್ಲದ ಶಾಲೆ ಎಲ್ಲೂ ಸಿಗುವುದಿಲ್ಲ, ತಟ್ಟೆ ಮುಚ್ಚಿಟ್ಟರೆ ಸಾಲದು, ನಿಧಾನವಾಗಿ ಆ ಸದ್ದಿನ ಜೊತೆ ಬದುಕುವುದನ್ನೂ ಕಲಿಸಬೇಕು ಎಂದರು. ಕೌನ್ಸೆಲಿಂಗ್ ಶುರುವಾಯಿತು. ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೆವು. ಮೂರನೆಯ ಸಲ ನಮ್ಮ ಮನೆಯವರೂ ಬಂದಿದ್ದರು, ನಮ್ಮಿಬ್ಬರನ್ನೂ ಒಳಗೆ ಕರೆದರು. ಪೂರ್ಣಿಮಾ ತನ್ನಪ್ಪನ ಕೋಲು ನೋಡುತ್ತ ಹೇಳಿದಳು.

“ನಾನು ಬಡೀದೆ ಇದ್ದಿದ್ರೆ ಆನೆ ಅಂಗೇ ಓಯ್ತಿತ್ತು. ನಾನೇ ಕರ್ದಂಗಾಯ್ತು.”

ನಾಲ್ಕು ವರ್ಷ. ಒಂದೇ ರೂಮಿನಲ್ಲಿ, ಒಂದೇ ಚಾಪೆಯ ಮೇಲೆ ಮಲಗುವ ನಮಗೆ ಇದು ಗೊತ್ತಿರಲಿಲ್ಲ.

ನಮ್ಮ ಮನೆಯವರು ಕಡಿಮೆ ಮಾತಿನವರು. ಆಸ್ಪತ್ರೆಯಲ್ಲಿದ್ದಾಗಲೂ ಆ ಸಂಜೆಯ ಬಗ್ಗೆ ಒಂದು ಮಾತು ಆಡಿದವರಲ್ಲ. ಕೋಲನ್ನು ಗೋಡೆಗೆ ಒರಗಿಸಿ ಅವಳ ಕಡೆ ತಿರುಗಿದರು.

“ನೀ ಬಡ್ದೆ ಅಂತ್ಲೇ ನಾ ಉಳ್ಕಂಡೆ ಕಣವ್ವ. ಆನೆ ನಿನ್ ಕಡೀಕೆ ಕಿವಿ ತಿರುಗಿಸ್ತು. ಆ ಗಳಿಗೇಲಿ ನಾನು ಬದುವಿನ್ ಆ ಕಡೆ ಉರುಳ್ಕೊಂಡ್ಬುಟ್ಟೆ.”

ಅದು ನಡೆದದ್ದೋ, ಮಗಳಿಗಾಗಿ ಆಗ ಹುಟ್ಟಿದ ಮಾತೋ ನನಗೆ ತಿಳಿಯದು. ನಾನು ಕೊಟ್ಟಿಗೆಯಲ್ಲಿದ್ದೆ, ನೋಡಲಿಲ್ಲ. ಅವರನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಪೂರ್ಣಿಮಾ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಯಾವ ಕಡೆಗೆ ಉರುಳಿದೆ, ಹಳ್ಳದ ಕಡೆಗಾ ಎಂದು ಕೇಳಿದಳು. ಹ್ಞೂಂ, ಹಳ್ಳದ ಕಡೆಗೆ ಎಂದರು.

ಆ ಒಂದು ಮಾತಿಗೆ ಕಾಯಿಲೆ ಹೋಗಲಿಲ್ಲ. ಹಾಗೆ ಬರೆದರೆ ಮತ್ತೊಂದು ಸುಳ್ಳಾದೀತು. ದೀಪಾವಳಿಯಲ್ಲಿ ಬಂತು, ಪರೀಕ್ಷೆಗೆ ಮುಂಚೆ ಒಮ್ಮೆ ಬಂತು. ಮನೆಯಲ್ಲಿ ಬಂದಾಗ ದೂರ ಕೂರುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಹೆತ್ತವಳ ಕೈ ತಾನಾಗಿ ಮುಂದೆ ಹೋಗುತ್ತದೆ. ಶಾಂತಲಾ ಮಿಸ್ ನನಗೂ ಹೇಳಿಕೊಟ್ಟರು, ಎರಡೆರಡು ಸಲ, ನಮ್ಮ ನೆಲದ ಮೇಲೆ ಕೂತು ತೋರಿಸಿಕೊಟ್ಟರು. ಚಿಕ್ಕತಾಯಮ್ಮ ಊಟ ಮುಗಿದ ಮೇಲೆ ತೊಳೆದ ತಟ್ಟೆ ಜೋಡಿಸಲು ಅವಳನ್ನು ಕರೆಯುತ್ತಿದ್ದರು. ಮೊದಲು ಒಂದು, ಆಮೇಲೆ ನಾಲ್ಕು. ನೋಡೋಣ ಎಂದಿದ್ದ ಒಂದು ತಿಂಗಳು ಯಾವಾಗಲೋ ಮುಗಿದುಹೋಗಿತ್ತು. ಹೆಡ್‌ಮೇಷ್ಟ್ರು ಡಾಕ್ಟರ ಲೆಟರ್ ಎಲ್ಲಿ ಎಂದು ಕೇಳಲಿಲ್ಲ.

ಏಳನೇ ಕ್ಲಾಸು ಪಾಸಾಯಿತು. ಈ ಜೂನ್‌ನಲ್ಲಿ ಅವಳನ್ನು ಹೈಸ್ಕೂಲಿಗೆ ಸೇರಿಸಲು ಹೋದೆವು. ಹೊಸ ಕಟ್ಟಡ, ಹೊಸ ಮುಖಗಳು. ಇಲ್ಲಿಯ ಸಿಬ್ಬಂದಿಗೆ ಆ ಟ್ರೈನಿಂಗ್ ಆಗಿದೆಯೇ ಎಂದು ಕೇಳಿದೆ. ಇಬ್ಬರಿಗೆ ಆಗಿದೆ, ಉಳಿದವರದ್ದು ಬಾಕಿ ಇದೆ ಎಂದರು ಅಡ್ಮಿಷನ್ ನೋಡುತ್ತಿದ್ದ ಮೇಷ್ಟ್ರು. ಅವರಿಗೂ ಆಗಿರಲಿಲ್ಲ. ಎಲ್ಲಿಂದ ಶುರು ಮಾಡಲಿ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪೂರ್ಣಿಮಾ ಟೇಬಲ್ಲಿನ ಹತ್ತಿರಕ್ಕೆ ಹೋದಳು.

“ಸರ್, ನಂಗೆ ಒಂದೊಂದ್ಸಲ ಹೆದ್ರಿಕೆ ಬಂದು ಮೈ ಸೆಟ್ಕೊತದೆ. ಆಗ ಹಿಡ್ಕೊಬೇಡಿ. ಒಬ್ರು ಒಸಿ ದೂರದಲ್ಲಿ ಕೂತ್ಕೊಂಡ್ರೆ ಸಾಕು, ನಾನೇ ಎದ್ದೇಳ್ತೀನಿ.”

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಎಷ್ಟು ದೂರದಲ್ಲಿ ಕೂರಬೇಕಮ್ಮ, ತೋರಿಸು ಎಂದರು.

ಅವಳು ಎರಡು ಹೆಜ್ಜೆ ಹಿಂದಕ್ಕೆ ಬಂದು ನಿಂತಳು. ಇಷ್ಟು ಸರ್, ಎಂದಳು.