ಚಂದ್ರಾಮನ ಬಿಳಿ ಕಾಗದ

ನೀಲಕಂಠಪ್ಪನಿಗೆ ಚಂದ್ರಾಮನ ಮೇಲೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಇಬ್ಬರೂ ವಿಜಾಪುರದ ಕಡೆಯ ಒಂದೇ ಊರಿನವರು, ಒಂದೇ ದಿನ ಮುಂಬಯಿಯಲ್ಲಿ ಪಾಲಿಕೆಯ ನೌಕರಿಗೆ ಸೇರಿದವರು. ಆದರೆ ಚಂದ್ರಾಮನ ಕಾಗದ ಬೆಳ್ಳಗಿರುತ್ತಿತ್ತು, ಇವನದು ಕಪ್ಪಗೆ.

ಕೆಲಸ ಇಷ್ಟೇ. ಕಟ್ಟಡದ ಮಾಳಿಗೆಯ ಗಚ್ಚಿಯ ಮೇಲೆ ಗಾಳಿ ಹೀರುವ ಒಂದು ಮಷೀನು. ಸೋಮವಾರ ಬೆಳಿಗ್ಗೆ ಅದರ ಬಾಯಿಗೆ ಬಿಳಿ ಕಾಗದ ಇಟ್ಟು ಚಾಲೂ ಮಾಡಬೇಕು. ಮಂಗಳವಾರ ಬೆಳಿಗ್ಗೆ, ಗಾಳಿಯ ಮಸಿ ಹತ್ತಿದ ಕಾಗದ ತೆಗೆದು, ಮೂಲೆಯಲ್ಲಿ ತಾರೀಖು, ಮಷೀನು ಓಡಿದ ತಾಸು ಬರೆದು ದೊಡ್ಡ ಆಫೀಸಿಗೆ ಒಯ್ಯಬೇಕು. ನೀಲಕಂಠಪ್ಪನ ಮಷೀನು ಅಂಧೇರಿಯಲ್ಲಿ, ಬಣ್ಣದ ಕಾರ್ಖಾನೆಯೊಂದರ ಚಿಮಣಿಯ ಪಕ್ಕ. ಚಂದ್ರಾಮನದು ಪವಾಯಿಯಲ್ಲಿ, ಕೆರೆಯ ದಂಡೆಗೆ.

ಆಫೀಸಿನ ರಾಮಸ್ವಾಮಿ ಸಾಹೇಬರು ಮೈಸೂರಿನವರು. ಎರಡೂ ಕಾಗದಗಳನ್ನು ಬೋರ್ಡಿಗೆ ಅಕ್ಕಪಕ್ಕ ಚುಚ್ಚಿ, “ಚಂದ್ರಾಮನ ಪೇಪರ್ ನೋಡಪ್ಪ, ಮಲ್ಲಿಗೆ ಹೂವು!” ಎನ್ನುತ್ತಿದ್ದರು. ಅವರು ಹೊಗಳಿದ್ದು ಕೆರೆಯ ಗಾಳಿಯನ್ನು. ನೀಲಕಂಠಪ್ಪನ ಕಿವಿಗೆ ಬಿದ್ದದ್ದು ಚಂದ್ರಾಮನ ಕೈಗುಣದ ಹೊಗಳಿಕೆ. ಕಲೆಬಿದ್ದ ಅಂಗಿ ತೊಟ್ಟು ಮದುವೆಗೆ ಬಂದವನಂತೆ ಅವನು ಬೋರ್ಡಿನ ಮುಂದೆ ಕುಗ್ಗಿ ನಿಲ್ಲುತ್ತಿದ್ದ. ಗಚ್ಚಿ ತೊಳೆದ, ಪಾರಿವಾಳ ಓಡಿಸಿದ, ಸಾಬೂನಿನಿಂದ ಕೈ ತೊಳೆದೇ ಕಾಗದ ಮುಟ್ಟಿದ. ಆದರೂ ಮಸಿ.

“ಏನ್ ಮಂತ್ರಾ ಹಾಕತೀಲೇ?” ಎಂದು ಒಮ್ಮೆ ಕೇಳಿಯೇಬಿಟ್ಟ.

“ಮಂತ್ರಾ ಎಲ್ಲೀದಣ್ಣಾ? ಗಾಳಿ ಹೆಂಗೈತಿ ಹಂಗ ಕಾಗದಾ. ನಾ ಬರೇ ತಂದು ಕೊಡಾಂವ,” ಎಂದ ಚಂದ್ರಾಮ.

ಆ ವಿನಯ ಇನ್ನಷ್ಟು ಉರಿಸಿತು.

ತೊಂಬತ್ತನೇ ಇಸವಿಯಲ್ಲಿ ಪಾಲಿಕೆಯ ಸಭೆ ಒಂದು ಠರಾವು ಮಾಡಿತು: ವರ್ಷದೊಳಗೆ ಊರಿನ ಹೊಗೆಯನ್ನು ಕಾಲು ಭಾಗ ಇಳಿಸುತ್ತೇವೆ. ಸಾಹೇಬರು ನೀಲಕಂಠಪ್ಪನನ್ನು ಕರೆದರು. “ನಿನ್ನ ಪೇಪರೇ ಸಾಕ್ಷಿ ಕಣಯ್ಯ. ಆ ಕಾರ್ಖಾನೆಗೆ ನೋಟಿಸ್ ರೆಡಿ ಇದೆ. ವರ್ಷದ ಕೊನೇ ಪೇಪರ್ ಬರಲಿ, ಸೈನ್ ಹಾಕಿ ಚಿಮಣಿ ಮುಚ್ಚಿಸ್ತೀವಿ.”

ಅವನ ಚಾಳಿನ ಖೋಲಿ ಆ ಚಿಮಣಿಯ ಬೆನ್ನಿಗೇ ಇತ್ತು. ಮೂರು ವರ್ಷದಿಂದ ಕೆಮ್ಮುತ್ತಿದ್ದ ಹೆಂಡತಿ ದೇವಕ್ಕ ಸುದ್ದಿ ಕೇಳಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ವರ್ಷದ ಕೊನೆಗೆ ಎಲ್ಲಕ್ಕಿಂತ ಬಿಳಿಯ ಕಾಗದ ತಂದವನಿಗೆ ಶಾಲು ಹೊದಿಸಬೇಕೆಂದು ಯಾರೋ ಪುಣ್ಯಾತ್ಮರಿಗೆ ಹೊಳೆಯಿತು. ಶಾಲು ಯಾರ ಹೆಗಲಿಗೆಂದು ಕೇಳಬೇಕೆ? ನೀಲಕಂಠಪ್ಪನಿಗೆ ಅನ್ನ ಇಳಿಯಲಿಲ್ಲ. ವರ್ಷವಿಡೀ ಕಪ್ಪು ಕಾಗದ ಕೊಟ್ಟಿದ್ದೇನೆ, ನೋಟಿಸು ಹೇಗೂ ತಯಾರಿದೆ, ಒಂದೇ ಒಂದು ಬೆಳ್ಳಗಾದರೆ ಏನು ಮುಳುಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಕೊನೆಯ ಸೋಮವಾರ ಕಾಗದ ಇಟ್ಟ, ಬಟನ್ ಒತ್ತಲಿಲ್ಲ. ಮಂಗಳವಾರ ಅರ್ಧ ಲೋಟದ ಒಂದು ಕಟಿಂಗ್ ಚಹಾ ಕುಡಿಯುವಷ್ಟು ಹೊತ್ತು ಮಷೀನು ಓಡಿಸಿ, ಮೂಲೆಯಲ್ಲಿ ‘24 ತಾಸು’ ಎಂದು ಗುಂಡಗೆ ಬರೆದ.

ಬೋರ್ಡಿನ ಮೇಲೆ ಅವನ ಕಾಗದ ಹೊಳೆಯಿತು. ಪಕ್ಕದಲ್ಲಿ ಚಂದ್ರಾಮನದು ತುಸು ಮಾಸಲಾಗಿ ಕಂಡಿತು. ಆ ಮಾಸಲನ್ನು ನೋಡಿ ಅವನಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಶಾಲು ಹೊದಿಸಿ ಸಾಹೇಬರು ಮೈಕಿನಲ್ಲಿ ಹೇಳಿದರು: “ಅಂಧೇರಿ ಕ್ಲಿಯರ್! ಕಾರ್ಖಾನೆಯವರು ತಾವೇ ಸುಧಾರಿಸಿಕೊಂಡಿದ್ದಾರೆ. ಇನ್ನು ಆ ನೋಟಿಸ್ ಬೇಕಿಲ್ಲ. ಠರಾವಿನ ಮಾತು ಉಳೀತು.”

ನೀಲಕಂಠಪ್ಪ ಮೈಕಿನ ಹತ್ತಿರ ಸರಿದ. ಸಾಹೇಬರ ಕೈ ಹಿಡಿದು ಇದ್ದದ್ದು ಇದ್ದಂತೆ ಹೇಳಿಬಿಡಲು ಬಾಯಿ ತೆರೆದ. ಮುಂದಿನ ಸಾಲಿನಲ್ಲಿ ಚಂದ್ರಾಮ ಎದ್ದು ನಿಂತು, ಮನಸಾರೆ ಚಪ್ಪಾಳೆ ತಟ್ಟುತ್ತಿದ್ದ. ಅವನ ಎದುರಿಗೆ ಶಾಲು ಬಿಚ್ಚಿ ಕೊಡುವುದೇ? ನೀಲಕಂಠಪ್ಪ ಬಾಯಿ ಮುಚ್ಚಿಕೊಂಡ.

ಮನೆಯಲ್ಲಿ ದೇವಕ್ಕ ಶಾಲನ್ನು ಹೊದ್ದು, ಕಿಟಕಿ ಮುಚ್ಚಿ, ಕೆಮ್ಮು ನಿಲ್ಲುವವರೆಗೆ ಗೋಡೆ ಹಿಡಿದು ನಿಂತಳು. ಆಮೇಲೆ ಕೇಳಿದಳು, “ಚಿಮಣಿ ಎಂದ ಮುಚ್ಚತಾರಂತ್ರೀ?”

ಅವನು ಚಪ್ಪಲಿ ಬಿಡುತ್ತ, ಅವಳ ಮುಖ ನೋಡದೆ ಹೇಳಿದ:

“ಚಂದ್ರಾಮನ ಕಾಗದಾ ನಂದಕ್ಕಿಂತ ಕರ್ರಗಿತ್ತು.”